ನಾಲ್ಕು ಗಂಟೆಯ ಬೋರ್ಡು

ಸೌಜನ್ಯ ಟೀ ಹೇಳಿ ಬರಲು ಹೊರಗೆ ಹೋದದ್ದೇ ತಡ, ರಾಜೇಂದ್ರ ಕೆತ್ತನೆ ಮೆಷಿನ್ನಿನ ಸ್ಪೀಡ್ ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. ಸಾಗರದ ಈ ಬೋರ್ಡಿನ ಅಂಗಡಿಯಲ್ಲಿ "ಎಷ್ಟೊತ್ತಿಗೆ ಆಗ್ತದೆ?" ಎಂದು ಗಿರಾಕಿಗಳು ವರ್ಷಗಟ್ಟಲೆ ಅವನನ್ನೇ ಕೇಳುತ್ತಿದ್ದರು. ಈಗ ಹೊಸದಾಗಿ ಸೇರಿದ ಇವಳನ್ನು ಕೇಳುತ್ತಾರೆ. ಇವಳು ಹೇಳಿದ ಹೊತ್ತಿಗೆ ಬೋರ್ಡು ಸಿಗುತ್ತದೆ, ಇವನ ಹೊಟ್ಟೆ ಉರಿಯುತ್ತದೆ. ಮೊನ್ನೆಯೂ ಹೀಗೇ ಗುಂಡಿ ತಿರುಗಿಸಿದ್ದ. ಬೋರ್ಡು ತಡವಾಗಿ ಅವಳು ಬೈಸಿಕೊಂಡದ್ದನ್ನು ನೆನೆದರೆ ಇನ್ನೂ ಹಿತವಾಗುತ್ತಿತ್ತು.

ಇವತ್ತು ಕಂಪ್ಯೂಟರು ಮೂರೂವರೆಗೆ ಮುಗಿಯುತ್ತದೆ ಎಂದು ತೋರಿಸಿದರೂ ಅವಳು ಬೋರ್ಡಿಗಾಗಿ ಕಾಯುತ್ತಿದ್ದ ವಿಶಾಲಮ್ಮನಿಗೆ ನಾಲ್ಕು ಎಂದಿದ್ದಳು. ನಾಲ್ಕೂ ತಪ್ಪಲಿ, ವಿಶಾಲಮ್ಮನ ಹೊಸನಗರದ ಬಸ್ಸೂ ತಪ್ಪಲಿ. ಆಮೇಲೆ ಯಾರನ್ನು ಕೇಳುತ್ತಾರೆ ನೋಡೋಣ.

ಮೆಷಿನ್ನು ನಾಲ್ಕಕ್ಕೇ ನಿಂತಿತು. ವಿಶಾಲಮ್ಮ ಮಗಳ ಹೊಲಿಗೆ ಅಂಗಡಿಯ ಹೆಸರನ್ನು ಬೆರಳಲ್ಲಿ ಸವರಿ ನೋಡಿ, ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿಗೆ ಓಡಿದರು.

"ಅರ್ಧ ಗಂಟೆ ಜಾಸ್ತಿ ಯಾಕ್ ಹೇಳ್ದೆ?" ರಾಜೇಂದ್ರನ ಬಾಯಿಂದ ಬಂದೇಬಿಟ್ಟಿತು.

"ಕೆತ್ತೋ ಬಿಟ್ ಬದ್ಲಾಯ್ಸಕ್ಕೆ ಹತ್ತು ನಿಮಿಷ." ಸೌಜನ್ಯ ಗುಂಡಿಯನ್ನು ಮೊದಲಿನ ಜಾಗಕ್ಕೆ ತಿರುಗಿಸಿದಳು. "ಉಳಿದಿದ್ದು, ನೀವು ಇದನ್ನ ತಿರುಗಿಸ್ತೀರಲ್ಲ ರಾಜೇಂದ್ರಣ್ಣ, ಅದಕ್ಕೆ ಅಂತ ಇಟ್ಟಿದ್ದೆ."