ಭಾನುವಾರದ ಬೆಟ್ಟ

ಭಾನುವಾರ ಬಂತೆಂದರೆ ಪ್ರಹ್ಲಾದ ಸೈಕಲ್ ತಂಡದ ಜೊತೆ ಬೆಟ್ಟಕ್ಕೆಂದು ಹೊರಡುತ್ತಿದ್ದ. ಮಧ್ಯಾಹ್ನ ಮರಳಿ, ಟೈರಿನ ಕೆಮ್ಮಣ್ಣು ತೊಳೆದು, ಚೈನಿಗೆ ಎಣ್ಣೆ ಬಿಡುತ್ತ ಹಾಡು ಗುನುಗುತ್ತಿದ್ದ. ಆ ಹಾಡು ಕೇಳಿದರೆ ಹೆಂಡತಿ ವತ್ಸಲೆಗೆ ಹೊಟ್ಟೆ ಉರಿಯುತ್ತಿತ್ತು. ಹಿಂದೊಮ್ಮೆ ಅವನು ತೋರಿಸಿದ್ದ ತಂಡದ ಫೋಟೋದಲ್ಲಿ ಅನಘಾ ಎಂಬ ಹುಡುಗಿ ಅವನಿಗೆ ಒತ್ತಿಕೊಂಡೇ ನಿಂತಿದ್ದಳು.

"ಅವಳಿದಾಳೆ ಅಂತಾನೇ ನೀವು ಹೋಗೋದು!"

"ಅವಳ ಸುದ್ದಿ ಯಾಕೆ ಈಗ? ನಾನು ಹೋಗೋದು ಬೆಟ್ಟಕ್ಕೆ ಕಣೇ."

ವತ್ಸಲೆ ತಮ್ಮನ ಸೈಕಲ್ ತಂದು ಗುಟ್ಟಾಗಿ ಅಭ್ಯಾಸ ಮಾಡಿದಳು. ಒಂದು ಭಾನುವಾರ ಗಂಡ ಹೊರಟ ಸ್ವಲ್ಪ ಹೊತ್ತಿಗೆ ತಾನೂ ಹೊರಟಳು. ಬೆಟ್ಟದ ಅರ್ಧಕ್ಕೇ ಉಸಿರು ಕಟ್ಟಿತು. ಇಳಿದು, ಸೈಕಲ್ ತಳ್ಳಿಕೊಂಡೇ ಹತ್ತಿದಳು. ಇವತ್ತು ಇಬ್ಬರನ್ನೂ ಒಟ್ಟಿಗೆ ಹಿಡಿಯಬೇಕು ಎಂಬ ಹಟವೇ ಅವಳನ್ನು ಮೇಲಕ್ಕೆ ಎಳೆಯಿತು.

ತುದಿಯಲ್ಲಿ ತಂಡದವರು ಎಳನೀರು ಕುಡಿಯುತ್ತಿದ್ದರು. ಅನಘಾ ಒಂದು ಕಡೆ ಕೂತು ತನ್ನ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದಳು. ವತ್ಸಲೆ ನೇರ ಅವಳ ಮುಂದೆ ಹೋಗಿ ನಿಂತಳು.

"ಪ್ರಹ್ಲಾದ್ ಅವರ ಹೆಂಡತಿ ನಾನು. ಎಲ್ಲಿ ಬಚ್ಚಿಟ್ಟಿದೀಯ ಅವರನ್ನ?"

ಅನಘಾ ಗಾಬರಿಯಿಂದ ಕೈ ಒರೆಸಿಕೊಳ್ಳುತ್ತ ಎದ್ದಳು.

"ಅವರು ಹೋದ ವರ್ಷಾನೇ ತಂಡ ಬಿಟ್ರಲ್ಲ ಅಕ್ಕಾ, ಭಾನುವಾರ ಪೂರ್ತಿ ನಿಮ್ಮ ಜೊತೇಲೇ ಇರಬೇಕು ಅಂತ."