ಬೋರ್ಡ್ ಮೇಷ್ಟ್ರ ಅರ್ಜಿ

"ಸರ್, ಏಳನೇ ಕಾಲಮ್ ಖಾಲಿ ಬಿಟ್ಟಿದ್ದೀರಲ್ಲ," ಎಂದರು ಅನುದಾನ ವಿಭಾಗದ ಮೇಡಂ, ಅರ್ಜಿಯನ್ನು ಮೇಜಿನ ಮೇಲೆ ತಿರುಗಿಸಿಟ್ಟು. "ಏನು ಕಲಿಯೋಕೆ ಹೋಗ್ತೀರಿ ಅಂತಾನೇ ಬರೀದಿದ್ರೆ ಯಾವ ಲೆಕ್ಕದಲ್ಲಿ ಅನುದಾನ ಕೊಡ್ಲಿ?"

ಎದುರಿಗೆ ಕುಳಿತಿದ್ದವರು ಸಂಖ್ಯಾಶಾಸ್ತ್ರದ ಅಧ್ಯಾಪಕರು. ವಿಶ್ವವಿದ್ಯಾಲಯಕ್ಕೆಲ್ಲ ಅವರು ಬೋರ್ಡ್ ಮೇಷ್ಟ್ರು. ತರಗತಿಗೆ ಬಂದವರೇ ಬೆನ್ನು ತಿರುಗಿಸಿ ನಿಂತು, ಪಾಠವನ್ನೆಲ್ಲ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಬರೆದು, ಮಾತಿಗೆ ಎಡೆಯೇ ಕೊಡದೆ ಹೊರಟುಬಿಡುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಹೋದ ವಾರ ವಿಭಾಗದ ಮುಖ್ಯಸ್ಥರು ಕರೆದು, "ಮುಂದಿನ ವರ್ಷದಿಂದ ಪರೀಕ್ಷಾ ವಿಭಾಗಕ್ಕೆ ಹೋಗಿಬಿಡಿ. ಅಲ್ಲಿ ಮಾತಿನ ಕೆಲಸ ಇರಲ್ಲ, ನಿಮಗೂ ಆರಾಮ," ಎಂದಿದ್ದರು. ಆ 'ಆರಾಮ' ಅವರನ್ನು ಎರಡು ದಿನ ಊಟಕ್ಕೆ ಕೂರಗೊಡಲಿಲ್ಲ.

ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. "ಮಾ... ಮಾ... ಮಾ..." ಕತ್ತಿನ ನರ ಉಬ್ಬಿತು. ಕೊನೆಗೆ ಜೇಬಿನಿಂದ ಪೆನ್ನು ತೆಗೆದು, ಖಾಲಿ ಕಾಲಮ್ಮಿನಲ್ಲಿ ಒಂದೇ ಪದ ಬರೆದರು: ಮಾತು. ಅರ್ಜಿಯ ಹಿಂದೆ ಪಿನ್ ಮಾಡಿದ್ದ ಕರಪತ್ರ ತೋರಿಸಿದರು. ಬೇರೊಂದು ಊರಿನ, ಉಗ್ಗುವವರಿಗೆ ಮಾತಿನ ತರಬೇತಿ ಕೊಡುವ ಕೇಂದ್ರದ್ದು; ಮೂರು ತಿಂಗಳು, ಅಲ್ಲೇ ಇದ್ದು ಕಲಿಯಬೇಕು.

ಮೇಡಂ 'ಅಯ್ಯೋ ಪಾಪ' ಅನ್ನಲಿಲ್ಲ. ಬೀರುವಿನಿಂದ ದಪ್ಪನೆಯ ನಿಯಮಗಳ ಪುಸ್ತಕ ಎಳೆದು ಬೆರಳಾಡಿಸತೊಡಗಿದರು. "ಸಮ್ಮೇಳನಕ್ಕೆ ಇದೆ... ಸಂಶೋಧನೆಗೆ ಇದೆ... ಪುಸ್ತಕ ಬರೆಯೋಕೂ ಇದೆ..." ಬೆರಳು ಗಕ್ಕನೆ ನಿಂತಿತು. "ಹಾಂ, ನೋಡಿ! 'ಪಾಠ ಹೇಳಲು ಅಗತ್ಯವಾದ ಯಾವುದೇ ಕೌಶಲ.' ಪಾಠ ಹೇಳೋಕೆ ಮಾತು ಬೇಡ ಅನ್ನೋರು ಇದ್ರೆ, ಬಾಯಿ ಮುಚ್ಕೊಂಡು ಒಂದು ಗಂಟೆ ಪಾಠ ಮಾಡಿ ತೋರಿಸ್ಲಿ."

ಮೇಷ್ಟ್ರಿಗೆ ನಗು ಬಂತು. "ಆದ್ರೆ ಗುರುವಾರ ಸಮಿತಿ ಮುಂದೆ ನೀವೇ ಬಂದು ಐದು ನಿಮಿಷ ಮಾತಾಡ್ಬೇಕು," ಎಂದು ಮೇಡಂ ಹೇಳಿದ್ದೇ ತಡ, ನಗು ಆರಿತು. ಅರ್ಜಿ ವಾಪಸು ತೆಗೆದುಕೊಳ್ಳಲು ಕೈ ಚಾಚಿದರು. ಮೇಡಂ ಅದರ ಮೇಲೆ ಅಂಗೈ ಊರಿದರು. "ಅಳದ ಮಗುಗೆ ತಾಯಿನೂ ಹಾಲು ಕೊಡಲ್ಲ ಸರ್. ಐದು ನಿಮಿಷ ಸಾಲಲ್ಲ, ನಂಗೂ ಗೊತ್ತು. ನಿಮಗೆ ಹದಿನೈದು ಅಂತ ಕೇಳಿ ಬರೀತೀನಿ. ನಿಮ್ಮ ಹೆಸರು ಕೊನೇದು ಹಾಕ್ತೀನಿ, ಹಿಂದೆ ಯಾರೂ ಕಾಯ್ತಾ ಇರಲ್ಲ."

ಗುರುವಾರ ಮೇಷ್ಟ್ರು ಸಮಿತಿಯ ಮುಂದೆ ಎದ್ದು ನಿಂತರು. "ನನಗೆ ಬೇಕಾಗಿರೋದು ಸ... ಸ... ಸ..."

"ಸಮ್ಮೇಳನವಾ?" ಎಂದರು ಕನ್ನಡಕದ ಸದಸ್ಯರು. ಮೇಷ್ಟ್ರು ತಲೆಯಾಡಿಸಿದರು, ಅಲ್ಲ. "ಸಂಶೋಧನೆ?" ಅಲ್ಲ. "ಮತ್ತೆ, ಸಂಬಳ?" ಸಭೆ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು. ನಕ್ಕಿದ್ದೇ ಗಂಟಲು ಒಂದಿಷ್ಟು ಸಡಿಲವಾಯಿತು.

"ಸ... ಸಹಾಯ," ಎಂದರು.

ಕನ್ನಡಕದವರು ಪೆನ್ನು ಕೆಳಗಿಟ್ಟು, "ಕ್ಷಮಿಸಿ ಸರ್, ಅವಸರ ಮಾಡ್ಬಿಟ್ಟೆ. ನೀವು ಹೇಳಿ," ಎಂದರು. ಮೇಷ್ಟ್ರು ಹೇಳಿದರು. ಹಿಂದೊಮ್ಮೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಏನೋ ಕೇಳಬೇಕೆಂದು ಕೈ ಎತ್ತಿದ್ದಳಂತೆ. ಉತ್ತರ ಗೊತ್ತಿದ್ದೂ, ಹೇಳಲಾಗದೆ, ಇವರು ಕಂಡೂ ಕಾಣದವರಂತೆ ಬೋರ್ಡಿನ ಕಡೆ ತಿರುಗಿಬಿಟ್ಟರಂತೆ. ಅವಳು ಮತ್ತೆಂದೂ ಕೈ ಎತ್ತಲಿಲ್ಲವಂತೆ. ಇಷ್ಟು ಹೇಳಲು ಹನ್ನೊಂದು ನಿಮಿಷ ಹಿಡಿಯಿತು. ಯಾರೂ ಗಡಿಯಾರ ನೋಡಲಿಲ್ಲ. ಮೂಲೆಯಲ್ಲಿ ನಡಾವಳಿ ಬರೆಯುತ್ತಿದ್ದ ಮೇಡಂ ಮಾತ್ರ ಒಂದೆರಡು ಸಲ ಸೆರಗಿನಿಂದ ಮೂಗು ಒರೆಸಿಕೊಂಡರು. ಅನುದಾನ ಮಂಜೂರಾಯಿತು.

ಮೂರು ತಿಂಗಳ ತರಬೇತಿ ಮುಗಿದ ಮೇಲೆ, ಒಂದು ಸಂಜೆ ಮೇಡಂ ಬ್ಯಾಗು ಹೆಗಲಿಗೇರಿಸಿ ಬೀಗ ಹಿಡಿದು ಹೊರಡುವಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. "ಥ್ಯಾಂಕ್ಸ್ ಹೇಳೋಣ ಅಂತ ಬ... ಬಂದೆ ಮೇಡಂ. ಎರಡೇ ನಿಮಿಷ."

"ಬನ್ನಿ ಬನ್ನಿ! ಹೇಗಿದೀರಿ?"

"ಉಗ್ಗು ಹೋಗಿಲ್ಲ. ಅದನ್ನ ಬ... ಬಚ್ಚಿಡೋದು ಬಿಟ್ಟೆ, ಅಷ್ಟೇ. ವಾಪಸು ಬಂದ ಮೊದಲನೇ ದಿನವೇ ಮಕ್ಕಳಿಗೆ ಹೇಳಿದೆ, ನಾನು ಉಗ್ಗ್ತೀನಿ, ನೀವು ಸ್ವಲ್ಪ ಕಾಯ್ಬೇಕು ಅಂತ. ಕಾದ್ರು ಮೇಡಂ! ಪಾಪ, ಒಬ್ಬರೂ ಕಿಸಕ್ ಅನ್ನಲಿಲ್ಲ. ಪರೀಕ್ಷಾ ವಿಭಾಗಕ್ಕೆ ಹೋಗಲ್ಲ ಅಂತ ಮು... ಮುಖ್ಯಸ್ಥರಿಗೂ ಬಾಯಿಬಿಟ್ಟೇ ಹೇಳಿದೆ. ಆಯ್ತಪ್ಪ ಅಂದ್ರು." ಮೇಷ್ಟ್ರು ಉಸಿರೆಳೆದುಕೊಂಡರು. ಹೇಳುವುದು ಇನ್ನೂ ಬೆಟ್ಟದಷ್ಟಿತ್ತು. "ಮನೇಲಿ ಫೋನ್ ಬಂದ್ರೆ, 'ಅಪ್ಪ, ನೀನು ಇರು, ನಾನು ಎತ್ತುತ್ತೀನಿ' ಅಂತ ಮಗಳು ಓಡಿ ಬರ್ತಿದ್ಲು. ನಿನ್ನೆ ನಾನೇ ಎತ್ತಿದೆ. ಅದು ರಾಂಗ್ ನಂಬರ್! ಆದ್ರೂ ನಾ... ನಾಲ್ಕು ನಿಮಿಷ ಮಾತಾಡಿದೆ. ಮಗಳು ಹೊಸಿಲ ಮೇಲೇ ನಿಂತಿದ್ಲು. ಇದಕ್ಕೆಲ್ಲ ನಾನು ನಿಮಗೆ ಹೇಗೆ..."

ಕಿಟಕಿಯಾಚೆ ಬಸ್ಸೊಂದು ಬಂದು ನಿಂತು, ನಾಲ್ಕು ಜನರನ್ನು ಹತ್ತಿಸಿಕೊಂಡು ಹೊರಟಿತು.

"ಮೇಡಂ, ನಿಮ್ಮ ಬ... ಬಸ್ಸು!"

"ಹೋಗ್ಲಿ ಬಿಡಿ," ಎಂದು ಮೇಡಂ ಬ್ಯಾಗನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕುಳಿತರು. "ಆ ರಾಂಗ್ ನಂಬರಿನವರು ಏನಂದ್ರು? ಮೊದಲು ಅದನ್ನ ಹೇಳಿ."