ಗೋಮಾಳದ ಸರಾಸರಿ

ಚಂದ್ರಕಲಾಳ ಊರಿನ ಗೋಮಾಳದಲ್ಲಿ ಕಾರ್ಖಾನೆ ಕಟ್ಟುವ ಮಾತಿತ್ತು. ಕುರಿ ಮೇಯುವ ಆ ನೆಲವನ್ನು ಬಿಟ್ಟುಕೊಡಲು ಜನ ಎಷ್ಟು ಪರಿಹಾರ ಕೇಳುತ್ತಾರೆ ಎಂಬುದು ಕೃಷಿ ಅರ್ಥಶಾಸ್ತ್ರದಲ್ಲಿ ಅವಳ ಎಂ.ಎಸ್ಸಿ. ಪ್ರಬಂಧದ ವಿಷಯ. ಅವಳ ವರದಿ ಬಂದ ಮೇಲೆ ತೀರ್ಮಾನ ಮಾಡುವುದಾಗಿ ಜಿಲ್ಲಾಡಳಿತ ಹೇಳಿತ್ತು.

“ಎಷ್ಟು ಕೊಟ್ರೆ ಬಿಡ್ತೀಯಜ್ಜಿ?” ಎಂದು ಅವಳು ಕುರಿಗಳ ಹಿಂದೆ ಹೊರಟಿದ್ದ ಕೆಂಚಜ್ಜಿಯನ್ನು ಕೇಳಿದಳು.

“ಬಿಟ್ಟು, ಕುರೀನೆಲ್ಲ ನಿಮ್ಮ ಕಾಲೇಜಿನ ಅಂಗಳಕ್ಕೆ ಹೊಡ್ಕಂಡ್ ಬರ್ಲೇನೇ? ಎಷ್ಟು ಕೊಟ್ರೂ ಬಿಡಲ್ಲ ಅಂತ ಬರ್ಕೋ.”

ಊರಿನ ಬಹುಪಾಲು ಜನ ಅದನ್ನೇ ಹೇಳಿದರು. ಬೆಲೆ ಹೇಳಿದ್ದು ಕುರಿ ಮಾರಿ ಪೇಟೆ ಸೇರಿದ್ದ ಕೆಲವರು ಮಾತ್ರ. ಗೋಮಾಳ ಉಳಿಯಿತು ಎಂದುಕೊಂಡು ಅವಳು ವಿಶ್ವವಿದ್ಯಾಲಯಕ್ಕೆ ಮರಳಿದಳು.

ಮಾರ್ಗದರ್ಶಕರು ಉತ್ತರಗಳನ್ನು ನೋಡಿ ಅಡ್ಡಡ್ಡ ತಲೆಯಾಡಿಸಿದರು. “ಬಿಡಲ್ಲ ಅನ್ನೋದು ಬೆಲೆ ಅಲ್ಲಮ್ಮ, ಪ್ರತಿಭಟನೆ. ಅಂಥವನ್ನ ಲೆಕ್ಕದಿಂದ ತೆಗೀಬೇಕು. ಎಲ್ಲ ಕಡೆ ಪದ್ಧತಿ ಅದೇ.”

“ತೆಗೆದ್ರೆ ಊರೇ ಹೋಗುತ್ತೆ, ಸರ್.”

“ಸರಾಸರಿಗೆ ಅಂಕಿ ಬೇಕು. ಸಿಟ್ಟನ್ನ ಹೇಗೆ ಕೂಡಿಸ್ತೀಯಾ?”

ಮರುದಿನ ಅವಳು ಮತ್ತೆ ಊರಿಗೆ ಹೋಗಿ ಕೆಂಚಜ್ಜಿಯ ಮುಂದೆ ಕುಳಿತಳು. “ಲೆಕ್ಕಕ್ಕೆ ಬರೋ ಹಂಗೆ ಯಾವ್ದಾದ್ರೂ ಒಂದು ಅಂಕಿ ಹೇಳಜ್ಜಿ, ಕೈ ಮುಗೀತೀನಿ.”

“ನೂರು ಕೋಟಿ. ಸಾಕಾ, ಇನ್ನೂ ಬೇಕಾ?”

ಸರ್ ಅದನ್ನು ನೋಡಿ ನಕ್ಕರು. “ಇದನ್ನೂ ತೆಗಿ. ಇಂಥ ವಿಪರೀತ ಅಂಕಿ ಸರಾಸರೀನೇ ಕೆಡಿಸುತ್ತೆ.”

ಚಂದ್ರಕಲಾ ಒಂದೊಂದಾಗಿ ಅಳಿಸಿದಳು. ಉಳಿದದ್ದರಿಂದ ಲೆಕ್ಕ ಮುಗಿಯಿತು. ವರದಿಯ ಮೊದಲ ವಾಕ್ಯವನ್ನು ಸರ್ ತಾವೇ ಹೇಳಿ ಬರೆಸಿದರು:

“ಪರಿಗಣಿಸಲಾದ ಕುಟುಂಬಗಳಲ್ಲಿ ಒಂದೂ ಗೋಮಾಳ ಬಿಟ್ಟುಕೊಡಲು ವಿರೋಧ ವ್ಯಕ್ತಪಡಿಸಿಲ್ಲ.”